ಅಂಕ ಕಮ್ಮಿ ಬಂತು, ಈಗ ಶಾಲೆ ಬದಲಿಸಬೇಕಾ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಮೊದಲಿಂದಲೂ ಚೆನ್ನಾಗಿ ಓದುತ್ತಿದ್ದ ಹುಡುಗಿ. ಈ ಸಲ ವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 41, ವಿಜ್ಞಾನಕ್ಕೆ 46 ಬಂದಿದೆ. ನಾವು ಆಸೆ ಇಟ್ಟುಕೊಂಡಿದ್ದ ಶಾಲೆಯ ಪ್ರವೇಶ ಪರೀಕ್ಷೆಯಲ್ಲೂ 4 ಅಂಕದಿಂದ ಸೀಟು ತಪ್ಪಿತು. ಅವಳ ಚಿಕ್ಕಪ್ಪನ ಮಗನಿಗೆ ಅದೇ ಶಾಲೆಯಲ್ಲಿ ಸೀಟು ಸಿಕ್ಕಿದೆ. ಫಲಿತಾಂಶ ಬಂದ ದಿನ ನನ್ನ ಗಂಡ ಸಿಟ್ಟಿನಲ್ಲಿ "ನಿನ್ನನ್ನು ಓದಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು" ಅಂದುಬಿಟ್ಟರು. ಮೂರು ವಾರ ಆಯ್ತು, ಮಗಳು ರೂಮಿನಿಂದ ಹೊರಗೆ ಬರೋದೇ ಕಮ್ಮಿ. ಏನು ಕೇಳಿದರೂ "ನಾನು ದಡ್ಡಿ, ಬಿಡಿ" ಅನ್ನುತ್ತಾಳೆ. ಈಗ ನಮ್ಮ ಮುಂದೆ ಮೂರು ದಾರಿ ಇವೆ: ಇದೇ ಶಾಲೆ, ಶಿಸ್ತಿಗೆ ಹೆಸರಾದ ಒಂದು ವಸತಿ ಶಾಲೆ, ಮನೆಗೆ ಹತ್ತಿರದ ಒಂದು ಸಣ್ಣ ಶಾಲೆ. ಯಾವುದು ಸರಿ? ಅವಳ ಹತ್ತಿರ ಏನಂತ ಮಾತಾಡಲಿ? ನನ್ನ ಗಂಡನಿಗೂ ಆ ಮಾತು ಆಡಿದ್ದಕ್ಕೆ ಈಗ ಬೇಜಾರಾಗಿದೆ, ಅದನ್ನು ಹೇಗೆ ಸರಿ ಮಾಡೋದು ಅಂತ ಗೊತ್ತಾಗುತ್ತಿಲ್ಲ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಗಳ ಮನಸ್ಸು ಹಗುರ ಮಾಡೋದು ಹೇಗೆ ಅನ್ನೋದು ಒಂದು. ಯಾವ ಶಾಲೆ ಅನ್ನೋದು ಇನ್ನೊಂದು. ಮೊದಲು ಇವೆರಡನ್ನೂ ಬಿಡಿಸಿ ಬೇರೆ ಬೇರೆ ಇಡಿ. ಎರಡನ್ನೂ ಒಂದೇ ವಾರದಲ್ಲಿ ಮುಗಿಸಲು ಹೋಗಬೇಡಿ. ಫಲಿತಾಂಶದ ಬಿಸಿ ಆರುವ ಮೊದಲೇ ಶಾಲೆ ಬದಲಿಸಿದರೆ, ನೀವು ಎಷ್ಟೇ ಒಳ್ಳೆ ಮನಸ್ಸಿನಿಂದ ಮಾಡಿದ್ದರೂ ಮಗುವಿಗೆ ಅದು ಶಿಕ್ಷೆಯ ಹಾಗೇ ಕಾಣುತ್ತದೆ.

ಇದನ್ನು ನಾನು ಏಟು ತಿಂದು ಕಲಿತೆ. ಹಲವು ವರ್ಷ ಗಣಿತ ಟೀಚರ್ ಆಗಿದ್ದು, ಆಮೇಲೆ ಶಾಲೆಯ ಆಪ್ತಸಮಾಲೋಚಕಿಯಾದೆ. ಆ ಕೆಲಸದ ಹೊಸದರಲ್ಲಿ ಒಬ್ಬ ಹುಡುಗನ ಅಪ್ಪ ಅಮ್ಮ ನನ್ನ ಹತ್ತಿರ ಬಂದರು. ಫಲಿತಾಂಶ ಬಂದು ನಾಲ್ಕು ದಿನ ಆಗಿತ್ತಷ್ಟೆ. "ಬೇರೆ ಶಾಲೆಗೆ ಹಾಕಿ, ಹೊಸ ಜಾಗ, ಹೊಸ ಹುರುಪು" ಅಂತ ದೊಡ್ಡದಾಗಿ ಹೇಳಿ ಕಳಿಸಿದೆ. ಹುಡುಗ ಹೋದ. ಅರ್ಧ ವರ್ಷ ಕಳೆಯೋದರೊಳಗೆ ವಾಪಸ್ ಬಂದ. ಅಲ್ಲೂ ಅಷ್ಟೇ ಅಂಕ, ಮೇಲಿಂದ ಗೆಳೆಯರೂ ಇಲ್ಲ. ಆಮೇಲೆ ಗೊತ್ತಾಗಿದ್ದು ಏನು ಅಂದರೆ, ಅವನಿಗೆ ಹಿಂದಿನ ಬೆಂಚಿನಿಂದ ಬೋರ್ಡ್ ಸರಿಯಾಗಿ ಕಾಣಿಸುತ್ತಲೇ ಇರಲಿಲ್ಲ. ಕನ್ನಡಕ ಬೇಕಿದ್ದ ಹುಡುಗನಿಗೆ ನಾನು ಶಾಲೆ ಬದಲಿಸಿ ಕೊಟ್ಟಿದ್ದೆ. ಆವತ್ತಿನಿಂದ ಯಾರು ಬಂದರೂ, ಕಾರಣ ಏನು ಅಂತ ಗೊತ್ತಾಗುವ ತನಕ ಶಾಲೆಯ ಮಾತು ಎತ್ತುವುದಿಲ್ಲ.

ಅದಕ್ಕೂ ಮೊದಲು ಇನ್ನೊಂದು ವಿಷಯ. ಮೂರು ವಾರ ಅಂತ ಬರೆದಿದ್ದೀರಿ. ಒಂದು ವಾರ ಅಳೋದು, ಬಾಗಿಲು ಹಾಕಿಕೊಳ್ಳೋದು, ಸಿಡುಕೋದು ಎಲ್ಲ ಸಹಜ. ಆಸೆ ಪಟ್ಟಿದ್ದು ಕೈ ತಪ್ಪಿದರೆ ದೊಡ್ಡವರೂ ಹಾಗೇ ಮಾಡುತ್ತಾರೆ. ಆದರೆ ಎರಡು ವಾರ ದಾಟಿದ ಮೇಲೂ ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟಪಟ್ಟು ಮಾಡುತ್ತಿದ್ದುದೂ ಬೇಡ, ಗೆಳತಿಯರ ಫೋನೂ ಎತ್ತುತ್ತಿಲ್ಲ ಅಂದರೆ ಒಮ್ಮೆ ವೈದ್ಯರನ್ನೋ ಮಕ್ಕಳ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ನಿಮ್ಮ ಮಗಳು ಆ ಗಡಿ ದಾಟಿದ ಹಾಗೆ ಕಾಣುತ್ತದೆ, ಹಾಗಾಗಿ ಇದನ್ನು ಮುಂದೂಡಬೇಡಿ. "ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ" ಥರದ ಮಾತು ಬಂದರೆ, ತನಗೆ ಇಷ್ಟವಾದ ವಸ್ತುಗಳನ್ನು ಬೇರೆಯವರಿಗೆ ಕೊಡಲು ಶುರು ಮಾಡಿದರೆ, ಕೈ ಮೇಲೆ ಕೊಯ್ದುಕೊಂಡ ಗುರುತು ಕಂಡರೆ, ಅವತ್ತೇ ಕರೆದುಕೊಂಡು ಹೋಗಿ. ಅವಳನ್ನು ಒಂಟಿಯಾಗಿ ಬಿಡಬೇಡಿ.

ಅನುಮಾನ ಬಂದರೆ ನೇರವಾಗಿ ಕೇಳಿ. "ಸತ್ತುಹೋಗಬೇಕು ಅಂತ ಅನ್ನಿಸಿದ್ದು ಉಂಟಾ ಮಗಳೇ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಅಂಥ ಯೋಚನೆ ಇಟ್ಟುಕೊಂಡು ಒದ್ದಾಡುತ್ತಿರುವ ಮಗುವಿಗೆ, ಯಾರೋ ಒಬ್ಬರು ಕೇಳಿದರಲ್ಲ ಅಂತ ಎದೆಯ ಭಾರ ಇಳಿಯುತ್ತದೆ.

ಈಗ "ನಾನು ದಡ್ಡಿ" ಅನ್ನೋ ಮಾತಿಗೆ ಬರೋಣ. ಇದನ್ನು ಕೇಳಿದ ಕೂಡಲೇ ನಮ್ಮ ಬಾಯಿಗೆ ಬರೋದು "ಛೇ, ಯಾರು ಹೇಳಿದ್ದು? ನೀನು ಎಷ್ಟು ಜಾಣೆ!" ಅನ್ನೋದು. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕೆಲಸ ಮಾಡಲ್ಲ. ಯಾಕೆ ಅಂತ ನೋಡಿ. ಚಿಕ್ಕಂದಿನಿಂದ ಅವಳು ಕೇಳಿದ್ದು "ಜಾಣೆ, ಅದಕ್ಕೇ 90 ಬಂತು" ಅಂತ. ಈಗ 41 ಬಂದಿದೆ. ಅದೇ ತರ್ಕ ಹಿಡಿದು ಹೋದರೆ ಏನಾಯ್ತು? 90 ಬಂದರೆ ಜಾಣೆ ಅನ್ನೋದಾದರೆ 41 ಬಂದವಳು ದಡ್ಡಿ ತಾನೆ? ಅವಳ ಲೆಕ್ಕ ತಪ್ಪಿಲ್ಲ. ನಾವು ಕಲಿಸಿದ ಸೂತ್ರವೇ ತಪ್ಪು.

ಇದರ ಮೇಲೆ ಒಂದು ಹೆಸರಾಂತ ಪ್ರಯೋಗ ಇದೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು ಪ್ರಕಟಿಸಿದ್ದು. ಐದನೇ ತರಗತಿಯ ಮಕ್ಕಳಿಗೆ ಒಂದಷ್ಟು ಒಗಟುಗಳನ್ನು ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಅಂತಲೂ ಇನ್ನು ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂತಲೂ ಹೊಗಳಿದರು. ಆಮೇಲೆ ಬೇಕಂತಲೇ ಕಷ್ಟದ ಒಗಟು ಕೊಟ್ಟು ಸೋಲಿಸಿದರು. ಬುದ್ಧಿಗೆ ಹೊಗಳಿಸಿಕೊಂಡ ಮಕ್ಕಳು ಬೇಗ ಕೈ ಚೆಲ್ಲಿದರು, ಮುಂದಿನ ಸುಲಭದ ಒಗಟಿನಲ್ಲೂ ಹಿಂದೆ ಬಿದ್ದರು. ಮಜಾ ಏನು ಗೊತ್ತಾ? ತಮಗೆ ಬಂದ ಅಂಕವನ್ನು ಇನ್ನೊಂದು ಶಾಲೆಯ ಮಕ್ಕಳಿಗೆ ಹೆಸರಿಲ್ಲದೆ ಬರೆದು ತಿಳಿಸಿ ಅಂದಾಗ, ಅವರಲ್ಲಿ 10ಕ್ಕೆ ಸುಮಾರು 4 ಮಕ್ಕಳು ಜಾಸ್ತಿ ಅಂಕ ಬರೆದು ಸುಳ್ಳು ಹೇಳಿದ್ದರು. ಯಾರೆಂದೇ ಗೊತ್ತಿಲ್ಲದವರ ಮುಂದೆಯೂ ಅಷ್ಟು ನಾಚಿಕೆ.

ಹಾಗಂತ ಸುಮ್ನೆ "ಪರವಾಗಿಲ್ಲ ಪುಟ್ಟಾ, ಕಷ್ಟಪಟ್ಟೆಯಲ್ಲ" ಅಂದರೂ ಆಗಲ್ಲ. ಹದಿನಾಲ್ಕರ ಹುಡುಗಿಗೆ ಅದು ಬೆಣ್ಣೆ ಹಚ್ಚೋದು ಅಂತ ತಕ್ಷಣ ಗೊತ್ತಾಗುತ್ತದೆ. ಹೇಳಬೇಕಾದ್ದು ಕಮ್ಮಿ, ಕೇಳಿಸಿಕೊಳ್ಳಬೇಕಾದ್ದು ಜಾಸ್ತಿ. "ದಡ್ಡಿ ಅಂತ ಅನ್ನಿಸುವಷ್ಟು ಬೇಜಾರಾಗಿದೆ ಅಲ್ವಾ" ಅಂತ ಒಂದು ಮಾತು ಅಂದು ಸುಮ್ಮನೆ ಕೂತುಬಿಡಿ. ಎದುರು ಬದುರು ಕೂರಬೇಡಿ, ಈ ವಯಸ್ಸಿನವರಿಗೆ ಅದು ವಿಚಾರಣೆ ಅನ್ನಿಸುತ್ತದೆ. ಒಗೆದ ಬಟ್ಟೆ ಮಡಚುತ್ತಾ, ಜೊತೆಯಲ್ಲಿ ನಡೆಯುತ್ತಾ, ಇಬ್ಬರ ಕಣ್ಣೂ ಬೇರೆಲ್ಲೋ ಇರುವಾಗ ಮಾತು ತಾನಾಗಿ ಬರುತ್ತದೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಎರಡು ಭೇಟಿಯಲ್ಲಿ ತುಟಿ ಬಿಚ್ಚಲಿಲ್ಲ. ಮೂರನೇ ಸಲ ಕಪಾಟಿನ ಪುಸ್ತಕಗಳನ್ನು ಜೋಡಿಸಲು ಸಹಾಯ ಮಾಡು ಅಂದೆ. ಹತ್ತನೇ ಪುಸ್ತಕ ಇಡುವಷ್ಟರಲ್ಲಿ, ನನ್ನ ಕಡೆ ನೋಡದೆಯೇ, "ಮಿಸ್, ನಾನು ಆವತ್ತು ಪ್ರಶ್ನೆಪತ್ರಿಕೆ ನೋಡಿ ಹದಿನೈದು ನಿಮಿಷ ಏನೂ ಬರೆಯಲಿಲ್ಲ" ಅಂದಳು. ಅಪ್ಪ ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ.

ಡ್ವೆಕ್ ಅವರೇ ಕೈಲಾ ಹೈಮೊವಿಟ್ಸ್ ಜೊತೆ 2016ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಬುದ್ಧಿ ಬೆಳೆಯುತ್ತದೆ ಅಂತ ಅಪ್ಪ ಅಮ್ಮ ಮನಸ್ಸಿನಲ್ಲಿ ನಂಬಿದ್ದಾರೋ ಇಲ್ಲವೋ ಅನ್ನೋದು ಮಕ್ಕಳಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಸೋಲು ಬಂದಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದನ್ನು ಮಕ್ಕಳು ಚೆನ್ನಾಗಿ ಗಮನಿಸುತ್ತಾರೆ, ತಮ್ಮ ಬುದ್ಧಿಯ ಬಗ್ಗೆ ತಾವು ಏನು ನಂಬಬೇಕು ಅನ್ನೋದನ್ನು ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಅಂದರೆ ನಿಮ್ಮ ಮನೆಯಲ್ಲಿ ಈ ಮೂರು ವಾರದಲ್ಲಿ ನಡೆದದ್ದೂ ಒಂದು ಪಾಠವೇ. ಹೆದರಬೇಡಿ, ಅದನ್ನು ತಿದ್ದಬಹುದು.

ತಿದ್ದುವ ಕೆಲಸ ಶುರುವಾಗೋದು ಉತ್ತರಪತ್ರಿಕೆಯಿಂದ. 41 ಅನ್ನೋ ಅಂಕಿ ಏನನ್ನೂ ಹೇಳುವುದಿಲ್ಲ. ಜ್ವರ ಇದೆ ಅಂದ ಹಾಗೆ ಅಷ್ಟೆ, ಯಾವ ಜ್ವರ ಅಂತ ಅದರಲ್ಲಿ ಇಲ್ಲ. ಗಣಿತ, ವಿಜ್ಞಾನ ಎರಡರ ಉತ್ತರಪತ್ರಿಕೆಯನ್ನೂ ತರಿಸಿ. ಮೂಲ ಪ್ರತಿ ಕೊಡದಿದ್ದರೆ ನಕಲು ಕೇಳಿ, ಅದೂ ಆಗದಿದ್ದರೆ ಟೀಚರ್ ಎದುರಲ್ಲೇ ಕೂತು ನೋಡಲು ಸಮಯ ಕೇಳಿ. ಮಗಳನ್ನು ಮೊದಲ ದಿನವೇ ಎಳೆದುಕೊಂಡು ಕೂರಿಸಬೇಡಿ. ಮೊದಲು ನೀವೊಬ್ಬರೇ ನೋಡಿ. ಆಮೇಲೆ ಅವಳಿಗೆ ಮನಸ್ಸು ಬಂದ ದಿನ ಇಬ್ಬರೂ ಕೂತುಕೊಳ್ಳಿ, ಪೆನ್ಸಿಲ್ ಅವಳ ಕೈಯಲ್ಲಿರಲಿ.

ಕಳೆದುಕೊಂಡ ಒಂದೊಂದು ಅಂಕದ ಪಕ್ಕದಲ್ಲೂ ಒಂದು ಗುರುತು ಹಾಕುತ್ತಾ ಹೋಗಿ. ಇದು ಗೊತ್ತೇ ಇರಲಿಲ್ವಾ? ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ವಾ? ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದಾ? ಸಮಯ ಸಾಲದೆ ಬಿಟ್ಟಿದ್ದಾ? ನಾನು ನೋಡಿದ ಒಂದು ಪತ್ರಿಕೆಯ ಲೆಕ್ಕ ಹೇಳುತ್ತೇನೆ. ಹುಡುಗನಿಗೆ ಗಣಿತದಲ್ಲಿ 48 ಬಂದಿತ್ತು, 52 ಹೋಗಿತ್ತು. "ಇವನಿಗೆ ಗಣಿತ ಹತ್ತಲ್ಲ" ಅಂತ ಮನೆಯವರೆಲ್ಲ ತೀರ್ಮಾನ ಮಾಡಿಯಾಗಿತ್ತು. ಗುರುತು ಹಾಕಿ ಕೂಡಿಸಿದಾಗ, ನಿಜವಾಗಿ ಗೊತ್ತಿಲ್ಲದೆ ಹೋದದ್ದು 14 ಅಂಕ. ಕೊನೆಯಲ್ಲಿ ಸಮಯ ಸಾಲದೆ ಬಿಟ್ಟದ್ದು 9. ಅವಸರದ ತಪ್ಪುಗಳು 11. ಉಳಿದ 18 ಅಂಕ ಹೋದದ್ದು ಒಂದೇ ಒಂದು ತಪ್ಪಿನಿಂದ.

ಆ ತಪ್ಪು ಇದು. ಬ್ರಾಕೆಟ್ ಹಿಂದೆ ಕಳೆಯುವ ಚಿಹ್ನೆ ಇದ್ದಾಗ ಅವನು ಅದನ್ನು ಒಳಗಿನ ಮೊದಲ ಸಂಖ್ಯೆಗೆ ಮಾತ್ರ ಅನ್ವಯಿಸುತ್ತಿದ್ದ. 20 − (8 − 3) ಕೊಟ್ಟು ಮೊದಲು ಬ್ರಾಕೆಟ್ ಬಿಡಿಸು ಅಂದರೆ 20 − 8 − 3 ಅಂತ ಬರೆದು 9 ಅನ್ನುತ್ತಿದ್ದ. ಆಗಬೇಕಾದ್ದು 20 − 8 + 3, ಅಂದರೆ 15. ಬರೀ ಸಂಖ್ಯೆ ಇದ್ದಾಗ ಬ್ರಾಕೆಟ್ ಒಳಗಿನದನ್ನು ಮೊದಲು ಮಾಡಿ ಹೇಗೋ ಪಾರಾಗುತ್ತಿದ್ದ. ಬೀಜಗಣಿತ ಬಂದ ಮೇಲೆ ಆ ದಾರಿ ಮುಚ್ಚಿತು. ಸಮೀಕರಣ ಇರುವ ಲೆಕ್ಕಗಳಲ್ಲೆಲ್ಲ ಅದೇ ತಪ್ಪು ಹೊಕ್ಕು ಕೂತಿತ್ತು, ಮೇಲಿಂದ ಕೆಳಗಿನ ತನಕ ವಿಧಾನ ಸರಿ, ಉತ್ತರ ಮಾತ್ರ ತಪ್ಪು. ಅದನ್ನು ತಿದ್ದಲು ನಾಲ್ಕು ಸಂಜೆ ಸಾಕಾಯ್ತು. ಎರಡು ವರ್ಷದಿಂದ ಅವನ ನೋಟ್‌ಬುಕ್‌ನಲ್ಲಿ ಆ ತಪ್ಪಿನ ಮೇಲೆ ಕೆಂಪು ಇಂಕಿನ ಇಂಟು ಮಾರ್ಕ್ ಬೀಳುತ್ತಲೇ ಇತ್ತು. ಯಾಕೆ ತಪ್ಪು ಅಂತ ಯಾರೂ ಕೇಳಿರಲಿಲ್ಲ.

ನಿಮ್ಮ ಮಗಳ ಪತ್ರಿಕೆಯಲ್ಲಿ ಏನು ಸಿಗುತ್ತದೋ ಅದು ಮುಂದಿನ ದಾರಿ ತೋರಿಸುತ್ತದೆ. ಗೊತ್ತಿಲ್ಲದ್ದು ಜಾಸ್ತಿ ಇದ್ದರೆ ಪಾಠ ಎಲ್ಲಿ ಕೈ ಬಿಟ್ಟಿತು ಅಂತ ಹಿಂದಿನ ತರಗತಿಗಳ ತನಕ ಹೋಗಿ ಹುಡುಕಬೇಕು. ಗಣಿತ, ವಿಜ್ಞಾನ ಎರಡೂ ಒಟ್ಟಿಗೆ ಬಿದ್ದಿರೋದರಿಂದ ಮೂಲ ಗಣಿತದ್ದೇ ಇರಬಹುದು. ಈ ತರಗತಿಗಳಲ್ಲಿ ವಿಜ್ಞಾನದೊಳಗೂ ಸೂತ್ರ, ಲೆಕ್ಕ ಜಾಸ್ತಿಯಾಗುತ್ತದೆ. ಕೊನೆಯ ಪುಟಗಳು ಖಾಲಿ ಇದ್ದರೆ ಬರವಣಿಗೆಯ ವೇಗ ನೋಡಬೇಕು. ಪ್ರಶ್ನೆಯಲ್ಲಿದ್ದ ಸಂಖ್ಯೆಯನ್ನು ಇಳಿಸಿಕೊಳ್ಳುವಾಗಲೇ ತಪ್ಪಿದ್ದರೆ ಕಣ್ಣು ತೋರಿಸಿ. ಬಾಯಲ್ಲಿ ಕೇಳಿದರೆ ಪಟಪಟ ಹೇಳುವ ಮಗು ಬರೆಯುವಾಗ, ಓದುವಾಗ ಚಿಕ್ಕಂದಿನಿಂದಲೂ ತಿಣುಕುತ್ತಿದ್ದರೆ ಡಿಸ್ಲೆಕ್ಸಿಯಾ ಥರದ ಕಲಿಕಾ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಜಾಣ ಮಕ್ಕಳಲ್ಲಿ ಇದು ಎಷ್ಟೋ ವರ್ಷ ಬಚ್ಚಿಟ್ಟುಕೊಂಡಿರುತ್ತದೆ, ಪಾಠ ದೊಡ್ಡದಾದಾಗ ಹೊರಗೆ ಬರುತ್ತದೆ. ನಿದ್ದೆಯನ್ನೂ ಕೇಳಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಪರೀಕ್ಷೆಯ ತಿಂಗಳಲ್ಲಿ ಅಷ್ಟು ಮಲಗಿದ ಮಗುವನ್ನು ನಾನು ನೋಡಿದ್ದು ಕಮ್ಮಿ.

ಕಾರಣ ಪಾಠದ್ದೇ ಅಲ್ಲದೆಯೂ ಇರಬಹುದು. ಶಾಲೆಯಲ್ಲಿ ಯಾರೋ ಅಣಕಿಸುತ್ತಿರಬಹುದು, ಗೆಳತಿಯರ ಗುಂಪು ಒಡೆದಿರಬಹುದು. ಚೆನ್ನಾಗಿ ಓದುತ್ತಿದ್ದವಳು ಒಂದೇ ವರ್ಷದಲ್ಲಿ ಇಷ್ಟು ಇಳಿದಿದ್ದರೆ ನಾನಾದರೆ ಇದನ್ನು ಮೊದಲು ಕೇಳುತ್ತಿದ್ದೆ.

ಈ 4 ಅಂಕದ ಬಗ್ಗೆ. ಸೀಟು ತಪ್ಪಿದ್ದು ನಿಮಗೆ ಬಹಳ ದೊಡ್ಡ ನಷ್ಟ ಅನ್ನಿಸಿದೆ, ಪತ್ರದಲ್ಲಿ ಗೊತ್ತಾಗುತ್ತದೆ. ಹಾಗೆ ಅನ್ನಿಸೋದು ಸಹಜ. ಆದರೆ ಇದನ್ನು ಅಳೆದು ನೋಡಿದವರಿದ್ದಾರೆ. ಬಾಸ್ಟನ್, ನ್ಯೂಯಾರ್ಕ್‌ಗಳಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರಬೇಕಾದ ಸರ್ಕಾರಿ ಶಾಲೆಗಳಿವೆ, ಸೀಟಿಗೆ ಬಲು ಪೈಪೋಟಿ. ಆಮೇಲೆ 2021ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ ಮತ್ತು ಅವರ ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಜಾಣತನದ ಹೋಲಿಕೆ ಮಾಡಿದರು. ಕಟ್ ಆಫ್ ಗೆರೆಯ ಸ್ವಲ್ಪ ಮೇಲಿದ್ದು ಸೀಟು ಸಿಕ್ಕವರು, ಸ್ವಲ್ಪ ಕೆಳಗಿದ್ದು ತಪ್ಪಿಸಿಕೊಂಡವರು. ಇವರಿಬ್ಬರೂ ಹೆಚ್ಚು ಕಮ್ಮಿ ಒಂದೇ ಥರದ ಮಕ್ಕಳು, ಅಲ್ವಾ? ಮುಂದಿನ ವರ್ಷಗಳಲ್ಲಿ ಇಬ್ಬರ ಅಂಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಆ ಶಾಲೆಗಳ ಮಕ್ಕಳು ಮುಂದೆ ಚೆನ್ನಾಗಿ ಮಾಡೋದು ನಿಜ. ಬಹುಪಾಲು ಅವರು ಒಳಗೆ ಹೋಗುವಾಗಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳು.

ಇನ್ನೊಂದು ಕಡೆಯಿಂದಲೂ ನೋಡಿ. ಹರ್ಬರ್ಟ್ ಮಾರ್ಷ್ ಅನ್ನೋ ಸಂಶೋಧಕರು 1980ರ ದಶಕದಿಂದ ತೋರಿಸುತ್ತಾ ಬಂದ ಸಂಗತಿ ಇದು: ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ, ಬರೀ ಅತಿ ಜಾಣರೇ ತುಂಬಿರುವ ಶಾಲೆಗೆ ಹೋದವನಿಗೆ ತನ್ನ ಓದಿನ ಬಗ್ಗೆ ನಂಬಿಕೆ ಕಮ್ಮಿಯಾಗುತ್ತದೆ. ದೊಡ್ಡ ಕೆರೆಯಲ್ಲಿ ಸಣ್ಣ ಮೀನಾದ ಹಾಗೆ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತಲ್ಲ. ಪೈಪೋಟಿ ಇದ್ದರೇ ಅರಳುವ ಮಕ್ಕಳೂ ಇದ್ದಾರೆ, ಚಿಕ್ಕಪ್ಪನ ಮಗ ಹಾಗೇ ಇರಬಹುದು. ಆದರೆ ಈಗ ತಾನೇ "ನಾನು ದಡ್ಡಿ" ಅನ್ನುತ್ತಿರುವ ಹುಡುಗಿ ಆ ತರಗತಿಯಲ್ಲಿ ಕೊನೆಯ ಸಾಲಿಗೆ ಹೋಗಿ ಕೂತಿದ್ದರೆ ಏನಾಗುತ್ತಿತ್ತು ಅಂತ ಒಂದು ಸಲ ಯೋಚಿಸಿ.

ಹಾಗಾದರೆ ಶಾಲೆ ನೋಡೋದು ಹೇಗೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ. ಈ ಶಾಲೆಯಲ್ಲಿ ಒಂದು ಮಗು ತಪ್ಪು ಮಾಡಿದರೆ ಆಮೇಲೆ ಏನಾಗುತ್ತದೆ? ಕಟ್ಟಡ, ಈಜುಕೊಳ, ಸ್ಮಾರ್ಟ್ ಬೋರ್ಡ್ ಎಲ್ಲ ಅದಾದ ಮೇಲೆ.

ಮುಖ್ಯೋಪಾಧ್ಯಾಯರನ್ನು ಹೀಗೆ ಕೇಳಿ: "ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗಿ ಫೇಲ್ ಆದಳು ಅಂದುಕೊಳ್ಳಿ. ಮುಂದಿನ ಸೋಮವಾರ ಅವಳಿಗೆ ನೀವು ಏನು ಮಾಡುತ್ತೀರಿ?" ಉತ್ತರ ಎಷ್ಟು ಖಚಿತವಾಗಿದೆ ನೋಡಿ. "ನಾವು ಪ್ರತಿ ಮಗುವಿಗೂ ವೈಯಕ್ತಿಕ ಗಮನ ಕೊಡುತ್ತೇವೆ" ಅಂದರೆ ಅದು ಕರಪತ್ರದ ಮಾತು. "ಮಂಗಳವಾರ, ಗುರುವಾರ ಕೊನೆಯ ಪಿರಿಯಡ್‌ನಲ್ಲಿ ಆ ಟೀಚರ್ ಆರೇಳು ಮಕ್ಕಳನ್ನು ಕೂರಿಸಿಕೊಂಡು ಆ ಪಾಠ ಮತ್ತೆ ಮಾಡುತ್ತಾರೆ, ಎರಡು ವಾರ ಬಿಟ್ಟು ಮತ್ತೆ ಬರೆಸುತ್ತೇವೆ" ಅಂದರೆ ಅಲ್ಲಿ ನಿಜಕ್ಕೂ ಏನೋ ನಡೆಯುತ್ತಿದೆ. "ಅಂಥವರಿಗೆ ಟ್ಯೂಷನ್‌ಗೆ ಹೋಗಿ ಅಂತ ಹೇಳುತ್ತೇವೆ" ಅಂದರೆ ಎದ್ದು ಬನ್ನಿ.

ಆಮೇಲೆ ಎರಡು ಮೂರು ಮಕ್ಕಳ ನೋಟ್‌ಬುಕ್ ತೋರಿಸಿ ಅನ್ನಿ, ಅವರೇ ಆರಿಸಿದ್ದಲ್ಲ, ಕಟ್ಟಿನ ನಡುವಿನಿಂದ ತೆಗೆದದ್ದು. ಬರೀ ಸರಿ, ಇಂಟು, ಸಹಿ ಇದೆಯಾ? ಅಥವಾ ಟೀಚರ್ ಒಂದು ಸಾಲು ಬರೆದು, ಮಗು ಅದನ್ನು ಓದಿ, ಕೆಳಗೆ ಮತ್ತೆ ತಿದ್ದಿ ಬರೆದದ್ದು ಇದೆಯಾ? ಶಾಲೆಯ ಬಗ್ಗೆ ಆ ಒಂದು ಪುಟ ಹೇಳುವಷ್ಟನ್ನು ಬೇರೆ ಯಾವುದೂ ಹೇಳುವುದಿಲ್ಲ. ಬ್ರಾಕೆಟ್ ಹುಡುಗನ ನೋಟ್‌ಬುಕ್ ನೆನಪಿಟ್ಟುಕೊಂಡು ನೋಡಿ.

ಗೇಟಿನ ಮೇಲೆ "ನೂರಕ್ಕೆ ನೂರು ಫಲಿತಾಂಶ" ಅಂತ ಬೋರ್ಡ್ ಇದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಕೊನೆಯ ಪರೀಕ್ಷೆ ಬರೆದ ಈ ಮಕ್ಕಳು ಎರಡು ವರ್ಷದ ಹಿಂದೆ ಎಷ್ಟು ಜನ ಇದ್ದರು? 120 ಮಕ್ಕಳಿದ್ದ ತರಗತಿಯಿಂದ 85 ಮಕ್ಕಳು ಮಾತ್ರ ಪರೀಕ್ಷೆ ಬರೆದಿದ್ದರೆ ಉಳಿದ 35 ಮಕ್ಕಳು ಎಲ್ಲಿಗೆ ಹೋದರು? ಹಿಂದುಳಿದವರನ್ನು ಮೆಲ್ಲಗೆ ಹೊರಗೆ ಕಳಿಸಿ ನೂರಕ್ಕೆ ನೂರು ತರೋದು ಕಷ್ಟದ ಕೆಲಸವೇನಲ್ಲ. ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ಕೇಳಿ. ವರ್ಷಕ್ಕೆ ಮೂರು ಗಣಿತ ಟೀಚರ್ ಬದಲಾಗುವ ಕಡೆ ಮಗುವಿನ ತಪ್ಪು ಯಾರಿಗೂ ಗುರುತು ಸಿಗುವುದಿಲ್ಲ.

ಹೋಗೋದು ಮಾಮೂಲಿ ದಿನ ಹೋಗಿ, ಸಮಾರಂಭದ ದಿನ ಬೇಡ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹತ್ತು ನಿಮಿಷ ನಿಂತುಕೊಂಡು ಮಕ್ಕಳು ಹೇಗೆ ಹೊರಗೆ ಬರುತ್ತಾರೆ ನೋಡಿ. ಲೈಬ್ರರಿಯ ಪುಸ್ತಕಗಳ ಮೂಲೆ ಮಡಚಿದೆಯಾ, ಇಲ್ಲ ಹೊಸದಾಗಿ ಹೊಳೆಯುತ್ತಿವೆಯಾ? ಶೌಚಾಲಯ ನೋಡಿ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬೆಳಗಿನ ಟ್ರಾಫಿಕ್‌ನಲ್ಲೇ ಒಮ್ಮೆ ಹೋಗಿ ಲೆಕ್ಕ ಹಾಕಿ, ದಿನಕ್ಕೆ ಎರಡು ಗಂಟೆ ದಾರಿಯಲ್ಲೇ ಹೋದರೆ ಅದು ನಿದ್ದೆಯಿಂದಲೇ ಕಡಿತವಾಗೋದು.

ನಿಮ್ಮ ಮೂರು ದಾರಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದಿರಿ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವಸತಿ ಶಾಲೆ ಈ ವರ್ಷ ಬೇಡ. ವಸತಿ ಶಾಲೆಗಳೇ ಕೆಟ್ಟವು ಅಂತಲ್ಲ. ತಾನಾಗಿ ಬಯಸಿ ಹೋದ ಮಕ್ಕಳು ಅಲ್ಲಿ ಚೆನ್ನಾಗಿಯೇ ಇರುತ್ತಾರೆ. ಆದರೆ ಸೋತು ಕೂತಿರುವ ಹೊತ್ತಿನಲ್ಲಿ, ಅಪ್ಪ ಆ ಮಾತು ಆಡಿದ ಮೇಲೆ, "ಶಿಸ್ತಿಗೆ ಹೆಸರಾದ" ಕಡೆ ಕಳಿಸಿದರೆ ಅವಳಿಗೆ ಅರ್ಥವಾಗೋದು ಒಂದೇ: ನನ್ನನ್ನು ಮನೆಯಿಂದ ಆಚೆ ಹಾಕಿದರು. ಅವಳು ದಿನಾ ನಿಮ್ಮ ಕಣ್ಣೆದುರು ಇರಬೇಕಾದ ಕಾಲ ಇದು.

ಉಳಿದ ಎರಡರಲ್ಲಿ, ಈಗಿನ ಶಾಲೆಗೆ ಒಂದು ಅವಕಾಶ ಕೊಟ್ಟು ನೋಡಿ. ಉತ್ತರಪತ್ರಿಕೆ ಹಿಡಿದುಕೊಂಡು ಹೋಗಿ ಟೀಚರ್ ಜೊತೆ ಕೂತುಕೊಳ್ಳಿ. ಜಗಳಕ್ಕೆ ಹೋದ ಹಾಗೆ ಬೇಡ. ಅವರು ಪತ್ರಿಕೆ ತಿರುವಿ ಹಾಕಿ "ಹೌದು, ಇಲ್ಲಿ ಎಡವುತ್ತಿದ್ದಾಳೆ, ಹೀಗೆ ಮಾಡೋಣ" ಅಂದರೆ ಬದಲಿಸುವ ಅಗತ್ಯವೇ ಇಲ್ಲ. ಗೆಳತಿಯರು, ಗೊತ್ತಿರುವ ಜಾಗ, ಗೊತ್ತಿರುವ ಟೀಚರ್, ಇವೆಲ್ಲ ಈಗ ಅವಳಿಗೆ ಬೇಕು. "ಅವಳು ಗಮನ ಕೊಡಲ್ಲ, ನೀವೇ ಮನೆಯಲ್ಲಿ ಹೇಳಿ" ಅಂತ ಸಾಗಹಾಕಿದರೆ, ಅಥವಾ ಅಲ್ಲಿ ಅವಳನ್ನು ಯಾರೋ ಕಾಡುತ್ತಿದ್ದಾರೆ ಅಂತ ಗೊತ್ತಾದರೆ, ಸಣ್ಣ ಶಾಲೆಯನ್ನು ಮೇಲೆ ಹೇಳಿದ ಹಾಗೆ ಹೋಗಿ ನೋಡಿ. ಆಗ ಅವಳನ್ನೂ ಕರೆದುಕೊಂಡು ಹೋಗಿ, ಸಾಧ್ಯವಾದರೆ ಒಂದು ದಿನ ತರಗತಿಯಲ್ಲಿ ಕೂರಿಸಿ. ಬೇಡ ಅನ್ನುವ ಹಕ್ಕು ಅವಳಿಗೆ ನಿಜವಾಗಿಯೂ ಇರಲಿ. ಮೊದಲೇ ತೀರ್ಮಾನ ಮಾಡಿಟ್ಟು ಸುಮ್ಮನೆ ಕೇಳಿದ ಹಾಗೆ ಮಾಡಿದರೆ ಅವಳು ಕ್ಷಣದಲ್ಲಿ ಕಂಡುಹಿಡಿಯುತ್ತಾಳೆ.

ಓದುವ ಕ್ರಮದ ಬಗ್ಗೆ ಎರಡೇ ಮಾತು, ಯಾಕೆಂದರೆ ಬಹಳ ಮಕ್ಕಳು ಓದುವುದಿಲ್ಲ ಅಂತಲ್ಲ, ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಾರೆ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನೋ ಸಂಶೋಧಕರು ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಿಸಿದರು, ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರದ್ದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ. ರಾತ್ರಿ "ಎಲ್ಲ ಬರುತ್ತೆ ಅಮ್ಮ" ಅಂದ ಮಗು ಪರೀಕ್ಷೆಯಲ್ಲಿ ಕಣ್ಣು ಕಣ್ಣು ಬಿಡೋದು ಇದರಿಂದಲೂ ಇರಬಹುದು. ಓದಿದ ಮೇಲೆ ಪುಸ್ತಕ ಮುಚ್ಚಿ ಒಂದು ಖಾಲಿ ಹಾಳೆ ಕೊಡಿ. ಆದರೆ ಈ ವಾರ ಬೇಡ. ಮನಸ್ಸು ಸರಿಯಾದ ಮೇಲೆ.

ನೆಂಟರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಎಷ್ಟು ಬಂತು?" ಅಂತ ಫೋನ್ ಮಾಡಿದವರಿಗೆ ಅಂಕ ಹೇಳಬೇಕಾ ಬೇಡವಾ ಅಂತ ಮಗಳನ್ನೇ ಕೇಳಿ. ಬೇಡ ಅಂದರೆ "ಪಾಸಾಗಿದ್ದಾಳೆ, ಮುಂದಿನದು ಯೋಚನೆ ಮಾಡುತ್ತಿದ್ದೇವೆ" ಅಂತ ಹೇಳಿ ಮಾತು ತಿರುಗಿಸಿ. ಚಿಕ್ಕಪ್ಪನ ಮಗನಿಗೆ ಅಭಿನಂದನೆ ಹೇಳಲು ನೀವು ಹೋಗಿ, ಅವಳನ್ನು ಎಳೆದುಕೊಂಡು ಹೋಗಬೇಡಿ. ಅವನನ್ನು ನೋಡಿ ಕಲಿ ಅನ್ನೋ ಮಾತಂತೂ ಮನೆಯಲ್ಲಿ ಬರಲೇಬಾರದು.

ಇನ್ನು ನಿಮ್ಮ ಯಜಮಾನರು. ಅವರಿಗೆ ಬೇಜಾರಾಗಿದೆ ಅಂದಿರಿ, ಅದು ದೊಡ್ಡ ಆಸರೆ. ಆದರೆ ಆ ಬೇಜಾರನ್ನು ನಿಮ್ಮ ಮೂಲಕ ತಲುಪಿಸಬೇಡಿ. "ಅಪ್ಪನಿಗೂ ಪಾಪ ಬೇಸರ ಆಗಿದೆ" ಅಂತ ನೀವು ಹೇಳಿದರೆ ಅದು ಅವಳ ತಲೆಯ ಮೇಲೆ ಇನ್ನೊಂದು ಹೊರೆ. ಅವರೇ ಹೋಗಿ ಹೇಳಬೇಕು. ಉದ್ದ ಭಾಷಣ ಬೇಡ. ಮುಖ್ಯವಾಗಿ "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಅನ್ನೋ ಬಾಲ ಬೇಡ, ಅದು ಬಂದರೆ ಮೊದಲು ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ಹತ್ತಿರ ಬಂದಿದ್ದ ಒಬ್ಬ ಅಪ್ಪ ಎದುರು ನಿಂತು ಹೇಳಲು ಆಗದೆ ಒಂದು ಚೀಟಿ ಬರೆದು ಮಗನ ಪುಸ್ತಕದೊಳಗೆ ಇಟ್ಟಿದ್ದರು: "ಆವತ್ತು ನಾನು ಆಡಿದ ಮಾತು ತಪ್ಪು. ನಿನಗಲ್ಲ, ನನಗೇ ಹೆದರಿಕೆ ಆಗಿತ್ತು. ಅಪ್ಪ." ಹುಡುಗ ಏನೂ ಉತ್ತರ ಕೊಡಲಿಲ್ಲವಂತೆ. ಚೀಟಿ ಮಾತ್ರ ಆ ಪುಸ್ತಕದಿಂದ ಅವನ ಪೆನ್ಸಿಲ್ ಬಾಕ್ಸ್‌ಗೆ ಹೋಗಿತ್ತು.

ನಿಮ್ಮ ಮಗಳೂ ತಕ್ಷಣ ಕರಗಲಿಕ್ಕಿಲ್ಲ. ಕಾಯಿರಿ. ಅಷ್ಟರಲ್ಲಿ ಉತ್ತರಪತ್ರಿಕೆಯ ನಕಲು ಕೇಳಲು ಕೊನೆಯ ದಿನ ಯಾವುದು ಅಂತ ನಾಳೆಯೇ ಶಾಲೆಗೆ ಫೋನ್ ಮಾಡಿ ವಿಚಾರಿಸಿ. ಫಲಿತಾಂಶ ಬಂದು ಆಗಲೇ ಮೂರು ವಾರ ಆಗಿದೆ.